ಬರೆಯದೆ ಬಿಟ್ಟ ಇನ್ನೂರಾ ಹದಿನಾಲ್ಕು

ಪುಟ್ಟಿ, ಗುಂಡ್ಯಾ,

ಎದುರು ಮನೆಯ ಆಯಿ ನಮ್ಮ ಮನೆಗೆ ಯಾಕೆ ಬರುವುದಿಲ್ಲ ಎಂದು ಹೋದ ವಾರ ನೀವಿಬ್ಬರೂ ಕೇಳಿದಿರಿ. ಒಲೆಯ ಮೇಲೆ ರೊಟ್ಟಿ ಸೀಯುತ್ತಿದೆ ಎಂದು ಹೇಳಿ ನಾನು ಎದ್ದು ಒಳಗೆ ಹೋದೆ. ಒಲೆಯ ಮೇಲೆ ರೊಟ್ಟಿ ಇರಲಿಲ್ಲ.

ಎದುರಿಗೆ ಕೂತು ಮಾತಾಡಲು ನನಗೆ ಬರುವುದಿಲ್ಲ, ಅದು ನಿಮಗೆ ಗೊತ್ತು. ನಾಲ್ಕು ಮಂದಿ ಕೂಡಿದರೆ ಗಂಟಲು ಕಟ್ಟುತ್ತದೆ. ನಿಮ್ಮ ಅಜ್ಜ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. ಆದರೆ ಬೀಳಗಿ ಕಡೆಯ ಹಳ್ಳಿ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದೇನೆ, ಬರೆಯಲು ಬರುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಎದುರು ಮನೆಯಾಕೆಯ ಬಲಗೈಯ ಎರಡು ಬೆರಳು ಹೋದದ್ದು ನನ್ನಿಂದ. ಊರಲ್ಲಿ ಬೇರೆ ಬೇರೆ ಮಾತು ಕೇಳುತ್ತೀರಿ. ಅವು ಖರೆ ಅಲ್ಲ.

ಆಗ ನೀವು ಬಹಳ ಸಣ್ಣವರು. ಬನಹಟ್ಟಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಆರು ಮಗ್ಗಗಳು ಓಡುತ್ತಿದ್ದವು. ನಿಮ್ಮ ಅಪ್ಪ ಮಗ್ಗ ನೋಡಿಕೊಳ್ಳುತ್ತಿದ್ದ. ನಿಮ್ಮ ಅವ್ವ ಇಂಜಿನಿಯರಿಂಗ್ ಓದಿ ಈ ಮನೆಗೆ ಬಂದವಳು, ತವರು ಚಿಕ್ಕಪಡಸಲಗಿ. ಸರಕಾರ ಕಟ್ಟಲಿಲ್ಲವೆಂದು ತಾವೇ ಕಲ್ಲು ಹೊತ್ತು ಹೊಳೆಗೆ ಒಡ್ಡು ಕಟ್ಟಿದವರ ಮೊಮ್ಮಗಳು. ಹಿಡಿದದ್ದನ್ನು ಬಿಡುವವಳಲ್ಲ. ಮದುವೆಯಾದ ಎರಡನೆಯ ವರ್ಷ ಮಗ್ಗಕ್ಕೆ ಒಂದು ಪೆಟ್ಟಿಗೆ ಮಾಡುತ್ತೇನೆ ಎಂದು ಹಿಡಿದಳು.

ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಅದು. ಒಳಗೆ ಹಸಿರು ಹಲಗೆ, ಅದರ ಮೇಲೆ ಉಗುರಿನಷ್ಟು ಒಂದು ಚಿಪ್. ಹೊರಗೆ ಮಗ್ಗ ಓಡಿಸಲು ಹಸಿರು ಗುಂಡಿ, ನಿಲ್ಲಿಸಲು ಕೆಂಪು ಗುಂಡಿ, ಅಂಕಿ ಕಾಣಿಸುವ ಸಣ್ಣ ಪರದೆ. ಹಿಂಬದಿಗೆ ಒಂದು ಬಿಳಿ ಗುಂಡಿ. ಲಾಳಿಯ ನೂಲು ಕಡಿದರೆ ಪೆಟ್ಟಿಗೆ ತಾನೇ ತಿಳಿದು ಮಗ್ಗ ನಿಲ್ಲಿಸುತ್ತಿತ್ತು. ಆ ಚಿಪ್ ಏನು ಮಾಡಬೇಕು, ಏನು ಮಾಡಬಾರದು ಎಂಬ ಬರಹವನ್ನೆಲ್ಲ ನಿಮ್ಮ ಅವ್ವ ಬರೆಯುತ್ತಿದ್ದಳು. ಬೆಳಿಗ್ಗೆ ನೀವು ಎದ್ದಿರುವುದಿಲ್ಲ, ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಕಣ್ಣು ಹಾಲಿನ ಮೇಲೆ, ಒಂದು ಕಣ್ಣು ಅದರ ಮೇಲೆ ಇಟ್ಟಿರುತ್ತಿದ್ದಳು. ಹಾಲು ಎಷ್ಟೋ ಸಲ ಉಕ್ಕಿದೆ.

ನಾನು ಶೆಡ್ಡಿನಲ್ಲಿ ಕಂಡಿಕೆ ಸುತ್ತುತ್ತಿದ್ದೆ. ಲಾಳಿಯೊಳಗೆ ಕೂರುವ ನೂಲಿನ ಸುರುಳಿಗೆ ನಮ್ಮಲ್ಲಿ ಕಂಡಿಕೆ ಅನ್ನುತ್ತೇವೆ. ಮೊದಲು ರಾಟಿಯಿಂದ ಸುತ್ತುತ್ತಿದ್ದೆವು, ಈಗ ಮೋಟಾರಿನ ಮಷಿನ್ ಇದೆ. ನನ್ನ ಮಷಿನ್ನಿನ ಪಕ್ಕವೇ ಮೂರನೆಯ ಮಗ್ಗ. ಅದರ ಮುಂದೆ ಎದುರು ಮನೆಯಾಕೆ. ನಾನು ಈ ಓಣಿಗೆ ಸೊಸೆಯಾಗಿ ಬಂದ ವರ್ಷವೇ ಅವಳೂ ಬಂದವಳು. ನಾನು ಆಡದ ಮಾತುಗಳನ್ನೆಲ್ಲ ದಿನವಿಡೀ ಅವಳೇ ಆಡುತ್ತಿದ್ದಳು.

ಒಂದು ದಿನ ನಿಮ್ಮ ಅವ್ವ ನನ್ನ ಪಕ್ಕ ಕೂತು ಹಾಸಿನ, ಅಂದರೆ ಮಗ್ಗಕ್ಕೆ ಏರಿಸುವ ಉದ್ದ ನೂಲಿನ, ವಿಷಯ ಕೇಳಿದಳು. "ಅತ್ತಿ, ಹಾಸು ತಯಾರ ಮಾಡಿ ಕೊಡಾಂವ ಏನ ನೋಡಿ ಕೊಡತಾನ್ರಿ?"

"ಎಳಿ ಎಣಿಸಿ ಕೊಡತಾನವಾ. ಕಡದಿದ್ರ ಗಂಟ ಹಾಕಿ ಕೊಡತಾನ."

"ಇಸಗೊಂಡಾಂವ?"

"ಇಸಗೊಂಡಾಂವ ತೂತಿಲ್ದಂಗ ಅರಿವಿ ನೇಯ್ದ ಕೊಡಬೇಕು."

"ಎಳಿ ಕಮ್ಮಿ ಬಂದಿದ್ರ? ಹಂಗ ನೇಯ್ಕೊಂತ ಹೋಗತಾನೇನ್ರಿ?"

"ಹುಚ್ಚೇನು? ಮಗ್ಗಕ್ಕ ಏರಸೂದ ಇಲ್ಲ. ಅಲ್ಲೇ ನಿಂದ್ರಿಸಿ, ಕೊಟ್ಟಾವ್ನ ಕರೀತಾರ."

ಅವಳ ಮುಖ ಅರಳಿತು. "ನನ್ನ ಪ್ರೋಗ್ರಾಮಿನ್ಯಾಗೂ ಅಷ್ಟ ಐತ್ರಿ. ಒಂದ ತುಕಡಿ ಕೊಡತೈತಿ, ಇನ್ನೊಂದ ತುಕಡಿ ಇಸಗೋತೈತಿ. ನಡುವ ಒಂದ ಕರಾರ. ನೀ ಹಿಂಗ ಕೊಟ್ರ ನಾ ಹಿಂಗ ಮಾಡಿ ಕೊಡತೀನಿ ಅಂತ. ಇಸಗೊಳ್ಳೂ ಮುಂದ ನೋಡತೈತಿ. ಕರಾರ ಮುರದಿದ್ರ ಒಂದ ಹೆಜ್ಜಿ ಮುಂದ ಇಡಂಗಿಲ್ಲ. ಮಗ್ಗ ನಿಂದ್ರಿಸಿ, ಯಾವ ಸಾಲಿನ್ಯಾಗ ಮುರೀತು ಅಂತ ನಂಬರ ತೋರಸತೈತಿ. ಅದಕ್ಕ ಅಸರ್ಟ್ ಅಂತಾರ್ರಿ."

"ಹಂಗಂದ್ರ?"

"ಇದು ಹಿಂಗ ಇರಬೇಕು, ಇಲ್ಲಾಂದ್ರ ನಾ ಒಲ್ಲೆ ಅಂತ ಹಟಾ ಹಿಡಿಯೂದು."

ಎದುರು ಮನೆಯಾಕೆ ಮಗ್ಗದ ಸದ್ದಿನ ಮೇಲೆ ಕೂಗಿದಳು. "ಹಟಾ ಹಿಡಿಯೂದು ಅದಕ್ಕ ಕಲಸಬೇಕೇನ ಬೇ? ನಿನ್ನ ನೋಡೇ ಕಲತಿರತೈತಿ!"

ಶೆಡ್ಡೆಲ್ಲ ನಕ್ಕಿತು. ನಿಮ್ಮ ಅವ್ವನೂ ನಕ್ಕಳು.

ಬೇರೆ ಊರಿನ ಶೆಡ್ಡುಗಳಿಗೆ ಕೊಡುವ ಮೊದಲು ಪೆಟ್ಟಿಗೆಯನ್ನು ನಮ್ಮ ಮಗ್ಗಗಳ ಮೇಲೆಯೇ ನೋಡಬೇಕೆಂದು ಮಾಡಿದರು. ನನಗೆ ಒಂದು ಕೆಲಸ ಬಂತು. ಮೂರನೆಯ ಮಗ್ಗದ ಪಕ್ಕದ ಕಂಬಕ್ಕೆ ದಾರ ಕಟ್ಟಿ ನಿಮ್ಮ ಅವ್ವ ಒಂದು ನೋಟ್‌ಬುಕ್ ತೂಗಿಬಿಟ್ಟಳು. "ಪೆಟಗಿ ನಂಬರ ತೋರಿಸಿ ನಿಂತ್ರ ಮೊದಲ ನಂಬರ ಬರಕೋರಿ. ಆಗ ಸುತ್ತಮುತ್ತ ಏನ ನಡದಿತ್ತು ಅದನ್ನೂ ಬರೀರಿ. ಆಮ್ಯಾಲೆ ಬಿಳಿ ಗುಂಡಿ ಒತ್ತರಿ, ಮತ್ತ ಚಾಲೂ ಆಗತೈತಿ. ತಪ್ಪ ನಮ್ಮ ಮನ್ಯಾಗ ಸಿಗಬೇಕ್ರಿ ಅತ್ತಿ, ಮಂದಿ ಮನ್ಯಾಗ ಅಲ್ಲ."

ಅದನ್ನು ಅವಳು ಅಷ್ಟು ಬಿಡಿಸಿ ಹೇಳಿದ್ದಳು. ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಮೊದಲಿಗೆ ಎಲ್ಲವನ್ನೂ ಬರೆದೆ. ತೊಂಬತ್ತಾರು ಬಂತು, ನೂರಾ ಮೂವತ್ತು ಬಂತು. ಬಂದಾಗಲೆಲ್ಲ ಅವಳು ಓಡಿ ಬಂದು ನೋಡಿ, ಹಬ್ಬದ ಸೀರೆ ಸಿಕ್ಕವಳ ಹಾಗೆ ಖುಷಿಪಟ್ಟು, ಒಳಗೆ ಹೋಗಿ ಸರಿಮಾಡುತ್ತಿದ್ದಳು. ಆ ನಂಬರು ಮತ್ತೆ ಬರುತ್ತಿರಲಿಲ್ಲ. ಹಾಗೆ ನಡೆಯುತ್ತಿದ್ದರೆ ಈ ಕಾಗದ ಬರೆಯುವ ಪ್ರಸಂಗ ಇರಲಿಲ್ಲ.

ಒಂದು ದಿನ ರಬಕವಿಯಿಂದ ನನ್ನ ನೆಗೆಣ್ಣಿ ಬಂದಿದ್ದಳು. ಶೆಡ್ಡು ನೋಡಲು ಬಂದವಳು ಕಂಬದ ನೋಟ್‌ಬುಕ್ ಬಿಡಿಸಿದಳು. "ಏನವಾ ಇದು? ಸೊಸಿ ತಪ್ಪಿನ ಪಟ್ಟಿ ಹಾಕಿ ತೂಗ ಬಿಟ್ಟೀಯೇನು? ಛಲೋ ಅತ್ತಿ!" ಎಂದು ನಗುತ್ತಾ ಸಾಲು ಸಾಲಾಗಿ ಗಟ್ಟಿಯಾಗಿ ಓದಿದಳು. ಕೆಲಸದವರೆಲ್ಲ ಕೇಳುತ್ತಿದ್ದರು. ನಿಮ್ಮ ಅವ್ವ ಅಲ್ಲಿರಲಿಲ್ಲ. ನನ್ನ ಮುಖ ಬೆಂಕಿಯಾಯಿತು.

ನನ್ನ ಅತ್ತೆಯ ಬಗ್ಗೆ ನಿಮಗೆ ಹೇಳಿಲ್ಲ. ನಾನು ಹೊಸದಾಗಿ ಕೈಮಗ್ಗ ಕಲಿಯುವಾಗ ಸೀರೆಯಲ್ಲಿ ಒಂದು ಎಳೆ ತಪ್ಪಿದರೂ ಅವರು ಆ ಸೀರೆಯನ್ನು ತಲಬಾಗಿಲಿಗೆ ತೂಗುಹಾಕುತ್ತಿದ್ದರು. ಓಣಿಯವರು ಹೋಗುತ್ತಾ ಬರುತ್ತಾ ನೋಡಬೇಕು. ಬೆರಳಿಟ್ಟು ತೋರಿಸುವವರೂ ಇದ್ದರು. ನೀರಿಗೆ ಹೋಗಬೇಕಾದರೆ ನನ್ನದೇ ತಪ್ಪಿನ ಕೆಳಗೆ ತಲೆಬಾಗಿಸಿ ದಾಟಿ ಹೋಗಬೇಕಿತ್ತು. ನನ್ನ ಸೊಸೆಯ ತಪ್ಪನ್ನು ಎಂದೂ ನಾಲ್ಕು ಮಂದಿಯ ಕಣ್ಣಿಗೆ ಹಾಕುವುದಿಲ್ಲ ಎಂದು ಆಗಲೇ ಆಣೆ ಮಾಡಿಕೊಂಡಿದ್ದೆ. ನೆಗೆಣ್ಣಿ ಓದುತ್ತಿದ್ದಾಗ ಆ ತಲಬಾಗಿಲು ನೆನಪಾಯಿತು. ನಾನೂ ಅದನ್ನೇ ಮಾಡಿದ್ದೇನೆ ಅನ್ನಿಸಿತು. ನೋಟ್‌ಬುಕ್ಕನ್ನು ಕಂಬದಿಂದ ಬಿಚ್ಚಿ ನನ್ನ ನೂಲಿನ ಬುಟ್ಟಿಯಲ್ಲಿ ಇಟ್ಟುಕೊಂಡೆ.

ಅದಾದ ಕೆಲವು ದಿನಕ್ಕೆ ಮೂರನೆಯ ಮಗ್ಗ ನಿಂತಿತು. ಪರದೆಯ ಮೇಲೆ ಇನ್ನೂರಾ ಹದಿನಾಲ್ಕು.

"ನೋಡ ಬೇ, ನಿನ್ನ ಸೊಸಿ ಮುನಿಸ್ಕೊಂಡ್ಲು!" ಎಂದಳು ಎದುರು ಮನೆಯಾಕೆ. ಆಚೆ ಮಗ್ಗದವರು ನಕ್ಕರು.

ನಾನು ಎದ್ದು ಹೋಗಿ ಸುಮ್ಮನೆ ಬಿಳಿ ಗುಂಡಿ ಒತ್ತಿದೆ. ಮಗ್ಗ ಓಡಿತು. ಏನೂ ಆಗಲಿಲ್ಲ. ಎಷ್ಟು ಸಲೀಸು ಅನ್ನಿಸಿತು.

ಅದು ಮತ್ತೆ ಬಂತು, ಮತ್ತೆ ಬಂತು. ಒಂದೇ ನಂಬರು. ಒತ್ತಿದೆ, ಬರೆಯಲಿಲ್ಲ. ಸಂಜೆ ನಿಮ್ಮ ಅವ್ವ "ಏನರೆ ಬಂತೇನ್ರಿ?" ಎಂದು ಕೇಳಿದರೆ "ಇಲ್ಲವಾ, ಛಲೋ ಓಡಾಕತ್ತೈತಿ" ಅನ್ನುತ್ತಿದ್ದೆ. ಅವಳು ಸಮಾಧಾನದಿಂದ ಒಳಗೆ ಹೋಗುತ್ತಿದ್ದಳು. ಆ ಸಮಾಧಾನ ಕೊಟ್ಟವಳು ನಾನು ಎಂದು ನನಗೆ ಹಿತವಾಗುತ್ತಿತ್ತು.

ಎರಡು ತಿಂಗಳು ಹೀಗೆ ಹೋಯಿತು. ಅಷ್ಟರಲ್ಲಿ ಜಮಖಂಡಿ, ರಬಕವಿ, ಮುಧೋಳದ ನಾಲ್ಕು ಶೆಡ್ಡಿನವರು ಪೆಟ್ಟಿಗೆ ಒಯ್ದಿದ್ದರು. ಮುಧೋಳದ ಮಾಲೀಕ ಫೋನು ಮಾಡಿ, ಪೆಟ್ಟಿಗೆ ಒಮ್ಮೊಮ್ಮೆ ನಿಲ್ಲುತ್ತದೆ, ಬಿಳಿ ಗುಂಡಿ ಒತ್ತಲು ಆಳು ಎದ್ದು ಹೋಗಬೇಕಾಗುತ್ತದೆ ಎಂದು ಬೇಸರ ಮಾಡಿಕೊಂಡ. ಯಾವ ನಂಬರು ಎಂದರೆ ಅವನಿಗೂ ಗೊತ್ತಿಲ್ಲ. ಅಂದು ಊಟಕ್ಕೆ ಕೂತಾಗ ನಿಮ್ಮ ಅಪ್ಪ ಮಾತು ತೆಗೆದ.

"ಆ ಅಸರ್ಟ್ ಎಲ್ಲಾ ತಗದ ಬಿಡು. ಮಗ್ಗ ಓಡಿಸಾಕ ಕೊಟ್ಟೀವೋ ನಿಂದ್ರಿಸಾಕ ಕೊಟ್ಟೀವೋ?"

"ಯಾರೂ ಬಿದ್ದಿಲ್ಲಂತ ಬಾವಿ ಕಟ್ಟಿ ಕೆಡವತಾರೇನ್ರಿ?" ಎಂದಳು ನಿಮ್ಮ ಅವ್ವ.

"ಕಟ್ಟಿ ಅಡ್ಡಾಗಿ ನೀರ ಸೇದಾಕ ಬರದಂಗ ಆದ್ರ?"

"ಎಲ್ಲಾ ತಗ್ಯಾಕ ಬರಂಗಿಲ್ಲ. ಬೇಕಾದ್ರ, ನಮ್ಮ ಮನ್ಯಾಗ ಒಮ್ಮೆನೂ ಮುರೀಲಾರದ ಕರಾರಿನವು ಅಷ್ಟ ತಗೀತೀನಿ."

ಅವಳು ಎದ್ದು ನನ್ನ ಬುಟ್ಟಿಯಿಂದ ನೋಟ್‌ಬುಕ್ ತಂದಳು. ಕೊನೆಯ ಹಾಳೆಗಳು ಖಾಲಿ. ನನ್ನ ಮುಖ ನೋಡಿದಳು. "ಅತ್ತಿ, ಖರೇನ ಎರಡ ತಿಂಗಳಾತು ಒಂದೂ ಬಂದಿಲ್ಲೇನ್ರಿ?"

ನನ್ನ ಕೈಯಲ್ಲಿ ತುತ್ತು ಇತ್ತು. ನಿಮ್ಮ ಅಪ್ಪನೂ ನೋಡುತ್ತಿದ್ದ. ಈಗ ಬಂದಿದೆ ಎಂದರೆ ಇಷ್ಟು ದಿನ ಸುಳ್ಳು ಹೇಳಿದ್ದಾಗುತ್ತದೆ ಅನ್ನಿಸಿತು. ಬಾಯಿ ತೆರೆದೆ. ಬಂದದ್ದು ಆ ಎರಡು ತಿಂಗಳು ಬಂದ ಮಾತೇ.

"ಇಲ್ಲವಾ."

ಮರುದಿನ ಅವಳು ಒಂದಿಷ್ಟು ಅಸರ್ಟ್ ತೆಗೆದಳು. ಇನ್ನೂರಾ ಹದಿನಾಲ್ಕೂ ಅದರಲ್ಲಿ ಹೋಯಿತು. ಹೊಸ ಬರಹವನ್ನು ನಮ್ಮ ಮಗ್ಗಗಳಿಗೂ ಹೊರಗಿನ ನಾಲ್ಕು ಶೆಡ್ಡುಗಳಿಗೂ ಹಾಕಿದರು.

ಒಂದು ವಾರ ಯಾವ ಪೆಟ್ಟಿಗೆಯೂ ನಿಲ್ಲಲಿಲ್ಲ. ಮುಧೋಳದವನು ಫೋನು ಮಾಡಿ ಹೊಗಳಿದ.

ಆಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಒಂದೊಂದಾಗಿ ಮಗ್ಗಗಳು ಎದ್ದವು. ಮೂರನೆಯದರಲ್ಲಿ ಹಾಸಿನ ಒಂದು ಎಳೆ ಕಡಿದಿತ್ತು. ಎದುರು ಮನೆಯಾಕೆ ಕೆಂಪು ಗುಂಡಿ ಒತ್ತಿದಳು. ಒತ್ತಿದ್ದನ್ನು ನಾನು ನೋಡಿದ್ದೇನೆ. ಬಗ್ಗಿ, ನೂಲು ಬಡಿಯುವ ಫಣಿಗೂ ನೇಯ್ದ ಅರಿವೆಗೂ ನಡುವೆ ಬೆರಳು ಹಾಕಿ ಎಳೆ ಹುಡುಕತೊಡಗಿದಳು. ಬಾಯಿ ಎಂದಿನಂತೆ ನಡೆದಿತ್ತು. "ಏ ಮೂಗಿ, ನಿನ್ನ ಸೊಸಿಗೆ ಹೇಳು, ಎಳಿ ಹುಡುಕಾಕೂ ಒಂದ ಪೆಟಗಿ ಮಾಡು ಅಂತ…"

ನಾನು ನಕ್ಕು ನನ್ನ ಮಷಿನ್ನಿನ ಸ್ವಿಚ್ಚು ಹಾಕಿದೆ.

ಮೂರನೆಯ ಮಗ್ಗ ಓಡಿತು.

ಆ ಸದ್ದನ್ನು ಬರೆಯುವುದಿಲ್ಲ. ಜಮಖಂಡಿಯ ಆಸ್ಪತ್ರೆಯಲ್ಲಿ ಅವಳ ತೋರುಬೆರಳು, ನಡುಬೆರಳು ತೆಗೆದರು. ಕಣ್ಣು ಮುಚ್ಚಿಕೊಂಡು ಎಳೆಗೆ ಗಂಟು ಹಾಕುತ್ತಿದ್ದ ಬೆರಳುಗಳು ಅವು.

ನಿಮ್ಮ ಅವ್ವ ಅದೇ ಗಳಿಗೆಗೆ ನಮ್ಮ ಶೆಡ್ಡು ಬಂದ್ ಮಾಡಿಸಿ, ಹೊರಗಿನ ನಾಲ್ವರಿಗೂ ಫೋನು ಹಚ್ಚಿ ಪೆಟ್ಟಿಗೆ ತೆಗೆಯಲು ಹೇಳಿದಳು. ಮೂವರು ತೆಗೆದರು. ಮುಧೋಳದವನು ಒಪ್ಪಲಿಲ್ಲ. "ನಮ್ಮಲ್ಲಿ ಎಲ್ಲಾ ಛಲೋ ಐತ್ರಿ. ನಿಮ್ಮ ಹೆಣ್ಣಾಳಿನ ಮೊಣಕೈ ಹಸರ ಗುಂಡಿಗೆ ತಾಗಿರಬೇಕು, ನೋಡರಿ." ಯಾವ ತಪ್ಪಿನಿಂದ ಆಯಿತು ಎಂದು ಹೇಳಿ, ತೆಗೆಯುತ್ತೇನೆ ಎಂದ. ಅವಳ ಬಳಿ ಹೇಳಲು ಏನೂ ಇರಲಿಲ್ಲ. ಅವನ ಶೆಡ್ಡಿನಲ್ಲಿ ಎಂಟು ಮಗ್ಗ, ಎಂಟೂ ಮಗ್ಗಕ್ಕೆ ಹೆಂಗಸರು. ಅಲ್ಲಿಯೂ ಎಳೆ ಕಡಿಯುತ್ತದೆ, ಅಲ್ಲಿಯೂ ಬೆರಳು ಹಾಕುತ್ತಾರೆ. ತಪ್ಪು ಸಿಗುವವರೆಗೆ ಆ ಮಗ್ಗಗಳು ಓಡುತ್ತಲೇ ಇರುತ್ತವೆ.

ಮೊಣಕೈಯ ಮಾತು ಓಣಿಯಲ್ಲೂ ಹಬ್ಬಿತು. ನಿಮ್ಮ ಅಪ್ಪನೂ ಒಮ್ಮೆ "ತಾಗಿರಬೇಕು" ಅಂದ. ಆಸ್ಪತ್ರೆಯಿಂದ ಎದುರು ಮನೆಯಾಕೆಯ ಮಗಳು ಬಂದು ಬಾಗಿಲಲ್ಲೇ ನಿಂತು ಹೇಳಿ ಹೋದಳು: "ನಮ್ಮವ್ವ ಒತ್ತಿಲ್ಲಂತ. ಅಷ್ಟ ಹೇಳಿ ಬಾ ಅಂದ್ಲು."

ನಿಮ್ಮ ಅವ್ವ ಉಣ್ಣಲಿಲ್ಲ. ಬೆಳಿಗ್ಗೆ ಶೆಡ್ಡಿಗೆ ಹೋದರೆ ಹೊತ್ತು ಇಳಿಯುವವರೆಗೆ ಅಲ್ಲೇ. ಮೂರನೆಯ ಮಗ್ಗಕ್ಕೆ ಕರೆಂಟು ಕೊಟ್ಟು, ಕೆಂಪು ಗುಂಡಿ ಒತ್ತಿ, ಬೆರಳಿನ ಜಾಗದಲ್ಲಿ ಒಂದು ಜೋಳದ ದಂಟು ಇಟ್ಟು ಕಾಯುತ್ತಿದ್ದಳು. ಮಗ್ಗ ತಾನಾಗಿ ಓಡಿದರೆ ದಂಟು ಮುರಿಯಬೇಕು. ದಂಟು ಮುರಿಯಲಿಲ್ಲ. ಮೊದಲ ದಿನ ಇಲ್ಲ, ಎರಡನೆಯ ದಿನ ಇಲ್ಲ. ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾಳೆ, ತಲೆ ಹಿಡಿದುಕೊಳ್ಳುತ್ತಾಳೆ, ಮತ್ತೆ ಓದುತ್ತಾಳೆ. "ಎಲ್ಲಾ ಖರೆ ಐತಿ, ಎಲ್ಲಾ ಖರೆ ಐತಿ" ಎಂದು ತನ್ನಷ್ಟಕ್ಕೆ ಅನ್ನುತ್ತಾಳೆ.

ಆ ಎರಡು ದಿನ ನಾನು ಬಾಯಿ ಬಿಡಲಿಲ್ಲ. ಇದನ್ನು ನೀವು ಮರೆಯಬಾರದು. ಮುಧೋಳದಲ್ಲಿ ಎಂಟು ಹೆಂಗಸರು ಬೆರಳು ಹಾಕುತ್ತಿದ್ದರು, ನಾನು ಇಲ್ಲಿ ಅಕ್ಕಿ ಆರಿಸುತ್ತಿದ್ದೆ. ನೋಟ್‌ಬುಕ್ ಕಣ್ಣಿಗೆ ಬಿದ್ದರೆ ಮುಟ್ಟಲು ಹೆದರಿಕೆ. ಇನ್ನೂರಾ ಹದಿನಾಲ್ಕಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ ಎಂದು ಹತ್ತು ಸಲ ಹೇಳಿಕೊಂಡೆ. ಹತ್ತು ಸಲ ಹೇಳಿಕೊಂಡದ್ದರಿಂದಲೇ ಸಂಬಂಧ ಇದೆ ಎಂದು ನನಗೆ ಗೊತ್ತಿತ್ತು. ನನ್ನ ಕಂಡಿಕೆ ಮಷಿನ್ನಿಗೆ ಬಟ್ಟೆ ಮುಚ್ಚಿ ಇಟ್ಟಿದ್ದೆ. ಅದರ ಮುಂದೆ ಕೂರಲು ಆಗುತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಚಹಾ ಕೊಡಲು ಶೆಡ್ಡಿಗೆ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ದಂಟು ನೆಲದ ಮೇಲೆ ಬಿದ್ದಿತ್ತು. ದಂಟಿನ ಜಾಗದಲ್ಲಿ ನಿಮ್ಮ ಅವ್ವ ತನ್ನ ಕೈ ಇಟ್ಟುಕೊಂಡು ಕೂತಿದ್ದಳು. ಇನ್ನೊಂದು ಕೈಯಿಂದ ಲ್ಯಾಪ್‌ಟಾಪಿನ ಗುಂಡಿ ಒತ್ತುತ್ತಿದ್ದಳು.

"ಕೈ ತಗಿ!"

ನನ್ನ ಜನ್ಮದಲ್ಲಿ ನಾನು ಅಷ್ಟು ಜೋರಾಗಿ ಕೂಗಿಲ್ಲ. ಚಹಾದ ಲೋಟ ಬಿತ್ತು.

ಅವಳು ಕೈ ತೆಗೆಯಲಿಲ್ಲ. ನಿದ್ದೆಗಣ್ಣಿನವಳ ಹಾಗೆ ಹೇಳಿದಳು. "ದಂಟಿಗೂ ಕೈಗೂ ಫರಕ ಐತ್ರಿ ಅತ್ತಿ. ದಂಟಿನ್ಯಾಗ ಕರೆಂಟ ಹರಿಯಂಗಿಲ್ಲ, ಮೈಯಾಗ ಹರೀತೈತಿ. ಕೈ ಮಗ್ಗಕ್ಕ ತಾಗಿದ್ದಕ್ಕ ಆತೋ ಏನೋ. ಮತ್ತೇನೂ ಉಳದಿಲ್ಲರಿ ನೋಡಾಕ."

"ನಂಬರ ಬಂದಿತ್ತು," ಎಂದೆ. ಹಾಗೇ ಬಾಗಿಲು ಹಿಡಿದುಕೊಂಡು ಹೇಳಿದೆ. "ಬಂದಿತ್ತವಾ. ನಾ ಬರೀಲಿಲ್ಲ."

ಆಗ ಕೈ ತೆಗೆದಳು. "ಯಾವ ನಂಬರ?"

"ಇನ್ನೂರಾ ಹದಿನಾಲ್ಕು."

"ಎಷ್ಟ ಸಲ?"

"ಹನ್ನೊಂದ ಇರಬೇಕು."

"ಆಗ ಏನ ನಡದಿತ್ರಿ? ನೆನಪ ಮಾಡ್ಕೊರಿ, ಸಾವಕಾಶ. ಬಂದಾಗೆಲ್ಲಾ ನೀವ ಏನ ಮಾಡಾಕತ್ತಿದ್ರಿ?"

ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ವೈದ್ಯರ ಹಾಗೆ ಕೇಳುತ್ತಿದ್ದಳು. ನಾನು ನೆನಪು ಮಾಡಿಕೊಂಡೆ. ಪ್ರತಿ ಸಲವೂ ಆಗಷ್ಟೇ ಕೂತಿರುತ್ತಿದ್ದೆ, ನಂಬರು ನೋಡಿ ಮತ್ತೆ ಏಳಬೇಕಲ್ಲ ಎಂದು ಬೇಸರವಾಗುತ್ತಿತ್ತು. ಆಗಷ್ಟೇ ಕೂತು ಏನು ಮಾಡಿರುತ್ತಿದ್ದೆ?

"ಕಂಡಿಕಿ ಮಷಿನ್ ಚಾಲೂ ಮಾಡಿರತಿದ್ದೆ," ಎಂದೆ. ಅಂದು ಮಧ್ಯಾಹ್ನವೂ ಅದನ್ನೇ ಮಾಡಿದ್ದೆನಲ್ಲ.

ಅವಳು ಎದ್ದು ಮಷಿನ್ನಿನ ಮೇಲಿನ ಬಟ್ಟೆ ತೆಗೆದಳು. ಹೊಸ ದಂಟು ತಂದು ಮಗ್ಗದಲ್ಲಿ ಇಟ್ಟಳು. ದೂರ ನಿಂತು, "ಹಾಕರಿ" ಎಂದಳು. ಹಾಕಿದೆ. ಏನೂ ಇಲ್ಲ. "ತಗೀರಿ. ಹಾಕರಿ." ಏನೂ ಇಲ್ಲ. ಆರು ಸಲ ಹಾಕಿದೆ. ದೇವರೇ, ಇದು ಅಲ್ಲದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಇದಲ್ಲದಿದ್ದರೆ ಮುಧೋಳದವರ ಗತಿ ಏನು ಎಂಬುದು ನೆನಪಾಗಿ, ಇದೇ ಆಗಲಿ ಎಂದೂ ಬೇಡಿಕೊಂಡೆ. ಏಳನೆಯ ಸಲ ಸ್ವಿಚ್ಚು ಹಾಕಿದ ಕೂಡಲೇ ಮಗ್ಗ ಓಡಿತು. ದಂಟು ಎರಡಾಗಿ ಸಿಡಿದು ನನ್ನ ಕಾಲ ಹತ್ತಿರ ಬಿತ್ತು.

ಆಮೇಲೆ ಅವಳು ತಿಳಿಸಿ ಹೇಳಿದಳು. ನನ್ನ ಮಷಿನ್ನಿನ ಮೋಟಾರು ಎದ್ದೇಳುವಾಗ ಕಿಡಿ ಹಾರುತ್ತದೆ. ಅದರ ಪಕ್ಕದಲ್ಲೇ ಹಸಿರು ಗುಂಡಿಯ ವಾಯರು ಹೋಗಿತ್ತು. ಒಮ್ಮೊಮ್ಮೆ ಆ ಕಿಡಿಯ ಪೆಟ್ಟು ವಾಯರಿಗೆ ತಾಗಿ, ಗುಂಡಿ ಕಾಯುವ ತುಕಡಿ "ಯಾರೋ ಹಸಿರು ಒತ್ತಿದರು" ಎಂದು ತಿಳಿದು ಮಗ್ಗ ಓಡಿಸುವ ತುಕಡಿಗೆ ಹೇಳಿಬಿಡುತ್ತಿತ್ತು. ಇನ್ನೂರಾ ಹದಿನಾಲ್ಕನೆಯ ಸಾಲಿನಲ್ಲಿ ಈ ಎರಡನೆಯದು, "ಗುಂಡಿ ಒತ್ತಿ ಬಿಟ್ಟದ್ದನ್ನು ನೀನು ಪೂರ್ತಿ ನೋಡಿದೆಯೋ, ಇಲ್ಲವೋ?" ಎಂದು ಕೇಳುತ್ತಿತ್ತು. ನೋಡಿಲ್ಲವಾದರೆ ಓಡಿಸದೆ ನಿಂತು ನಂಬರು ತೋರಿಸುತ್ತಿತ್ತು. ಆ ಸಾಲು ತೆಗೆದ ಮೇಲೆ ಕೇಳುವವರು ಯಾರೂ ಉಳಿಯಲಿಲ್ಲ.

"ಆ ನಂಬರ ನನಗ ಬೈಗಳ ಆಗಿರಲಿಲ್ಲರಿ ಅತ್ತಿ," ಎಂದಳು. "ನನ್ನ ಪೆಟಗಿ ನನ್ನ ಕರೀತಿತ್ತು. ಹನ್ನೊಂದ ಸಲ ಕರದೈತಿ." ಅಷ್ಟು ಹೇಳಿ ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಬೆನ್ನು ಹಿಡಿಯಲು ಹೋದೆ. ಕೈ ಅಡ್ಡ ಮಾಡಿ ಬೇಡ ಎಂದಳು.

ಫೋನಿಗೆ ಮುಧೋಳದವನು ಬಗ್ಗಲಿಲ್ಲ. ಅಂದೇ ಬಸ್ಸು ಹತ್ತಿ ಹೋದಳು. ನಾನೂ ಕೇಳದೆ ಹಿಂದೆ ಹತ್ತಿದೆ. ಅವಳು ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿದ್ದಳು. ಆ ಶೆಡ್ಡಿನ ಗೇಟಿನಲ್ಲಿ ಸೊಂಟದೆತ್ತರದ ನಾಯಿಯೊಂದನ್ನು ಕಟ್ಟಿದ್ದರು. ಮಾಲೀಕ ಕುರ್ಚಿ ಹಾಕಿಸಿ ಚಹಾ ತರಿಸಿದ. ಅವಳು ಮಗ್ಗದಲ್ಲಿ ದಂಟು ಇಟ್ಟು, ಅವರ ಕಂಡಿಕೆ ಮಷಿನ್ನು ಹಾಕಿ ತೆಗೆದು ಮಾಡಿಸಿದಳು. ಇಪ್ಪತ್ತು ಸಲ ಆದರೂ ದಂಟು ಹಾಗೇ ಇತ್ತು. ಆತ ನಕ್ಕ.

"ನಾ ಹೇಳಲಿಲ್ಲೇನವಾ ತಂಗಿ? ಆಕಿ ಮೊಣಕೈ…"

"ಆಕಿ ಒತ್ತಿಲ್ಲರಿ."

ಅದು ನನ್ನ ದನಿ. ಶೆಡ್ಡಿನ ಹೆಂಗಸರೆಲ್ಲ ತಿರುಗಿದರು. "ನಾ ಬಾಜೂಕ ಕುಂತಿದ್ದೆ. ಆಕಿ ಕೆಂಪ ಒತ್ತಿದ್ಲು, ಕೈ ಹಾಕಿದ್ಲು. ನಾ ಮಷಿನ್ ಹಚ್ಚಿದೆ. ಮಗ್ಗ ತಾನ ಓಡಿತು. ಪೆಟಗಿ ಮೊದಲ ಹೇಳಿತ್ತರಿ, ನಾ ಮುಚ್ಚಿಟ್ಟೆ. ಆಕಿ ಕೈಯಿನ ಎರಡ ಬಟ್ಟ ಹೋದ್ವು."

ಮಾಲೀಕ ಏನೋ ಅನ್ನಲು ಹೋದ. ಅಷ್ಟರಲ್ಲಿ ಹತ್ತಿರದ ಮಗ್ಗದ ಹೆಂಗಸು ಕೆಂಪು ಗುಂಡಿ ಒತ್ತಿ ಎದ್ದು ನಿಂತಳು. "ನಾ ಕುಂ‌ದ್ರಂಗಿಲ್ಲರಿ ಸಾವಕಾರ. ಬೇಕಾದ್ರ ನೀವ ಬಟ್ಟ ಹಾಕರಿ." ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಎಂಟೂ ಮಗ್ಗ ನಿಂತವು. ಅಂದು ಸಂಜೆಯೊಳಗೆ ಆತ ಪೆಟ್ಟಿಗೆ ಬಿಚ್ಚಿಸಿದ. ಅಲ್ಲಿ ಯಾರ ಕೈಗೂ ಏನೂ ಆಗಲಿಲ್ಲ. ನನಗೆ ಸಿಕ್ಕ ಕರುಣೆ ಅದೊಂದೇ.

ನಾಲ್ಕು ಶೆಡ್ಡಿನವರಿಗೂ ನಿಮ್ಮ ಅವ್ವ ಆಮೇಲೆ ಒಂದು ಕಾಗದ ಬರೆದಳು. ಅದನ್ನು ನಿಮ್ಮ ಅಪ್ಪನ ಫೋನಿನಲ್ಲಿ ಓದಿದೆ. ವಾಯರಿನ ವಿಷಯ ಇತ್ತು, ತೆಗೆದ ಸಾಲಿನ ವಿಷಯ ಇತ್ತು. ಕೊನೆಗೆ, "ಸಾಕಷ್ಟು ಪರೀಕ್ಷೆ ಮಾಡದೆ ಈ ಸಾಲನ್ನು ತೆಗೆದದ್ದು ನನ್ನ ತಪ್ಪು. ಮಗ್ಗದ ಮುಂದಿದ್ದವರ ತಪ್ಪು ಏನೂ ಇಲ್ಲ" ಎಂದಿತ್ತು. ನನ್ನ ಹೆಸರಿಲ್ಲ, ನೋಟ್‌ಬುಕ್ಕಿನ ಮಾತಿಲ್ಲ.

"ನಂದೂ ಬರಿಯವಾ," ಎಂದೆ.

"ಇರಲಿ ಬಿಡ್ರಿ ಅತ್ತಿ. ಮನಿ ಮಾತು ಮನ್ಯಾಗಿರಲಿ."

ಬೇಡವೆಂದು ಕೂಗಬೇಕೆನಿಸಿತು. ಅದೇ ಅಲ್ಲವೇ ನಾನು ಮಾಡಿದ್ದು. ಆದರೆ ಅವಳು ಎಷ್ಟೋ ದಿನಗಳ ಮೇಲೆ ಅಂದು ನನ್ನನ್ನು ಅತ್ತಿ ಎಂದು ಕರೆದಿದ್ದಳು. ಫೋನನ್ನು ಕೆಳಗಿಟ್ಟು ಒಳಗೆ ಹೋದೆ.

ಎದುರು ಮನೆಯಾಕೆ ಆಸ್ಪತ್ರೆಯಿಂದ ಬಂದ ನಾಲ್ಕನೆಯ ದಿನ ನಾನೊಬ್ಬಳೇ ಓಣಿ ದಾಟಿ ಹೋದೆ. ಗೋಡೆಗೆ ಒರಗಿ ಕೂತಿದ್ದಳು, ಮಡಿಲಲ್ಲಿ ಕಟ್ಟಿದ ಕೈ.

"ಬಾ ಬೇ ಮೂಗಿ," ಎಂದಳು. "ಬಂದೀ ಅಂದ್ರ ಕುಂದರು. ಇನ್ನ ಎಂಟ ಬಟ್ಟ ಅದಾವ, ಹೆದರಬ್ಯಾಡ."

ಕೂರದೆ, ನಿಂತೇ ಎಲ್ಲ ಹೇಳಿದೆ. ನಂಬರು, ಬಿಳಿ ಗುಂಡಿ, ಊಟಕ್ಕೆ ಕೂತಾಗ ಹೇಳಿದ "ಇಲ್ಲವಾ", ಆಮೇಲಿನ ಎರಡು ದಿನ. ಹೇಳುತ್ತಾ ಹೋದಂತೆ ಅವಳ ಮುಖದಿಂದ ನಗೆ ಇಳಿಯುತ್ತಾ ಬಂತು.

"ಹನ್ನೊಂದ ಸಲ," ಎಂದಳು. "ನನ್ನ ಮುಂದ ಎದ್ದ ಬಂದ ಒತ್ತಿ ಹೋದಿ."

"ಹೂಂ."

"ನಿನ್ನ ಸೊಸಿ ಮಾನ ಉಳೀತಿಲ್ಲೊ?"

ನಾನು ಅವಳ ಕಟ್ಟಿದ ಕೈಯನ್ನು ನೋಡಿದೆ.

"ಹೋಗು," ಎಂದಳು. ಸಿಟ್ಟಿನಿಂದಲ್ಲ. ದಣಿದವರು ದೀಪ ಆರಿಸು ಅನ್ನುವ ಹಾಗೆ. "ನಿನ್ನ ನೋಡಿದ್ರ ಕೈ ನೋಯ್ತೈತಿ. ಹೋಗು ಬೇ."

ಅಂದಿನಿಂದ ಅವಳು ನಮ್ಮ ಹೊಸ್ತಿಲು ತುಳಿದಿಲ್ಲ. ನಾನು ಎರಡು ಸಲ ಹೋದೆ, ಅವ್ವ ಮಲಗಿದ್ದಾಳೆ ಎಂದು ಮಗಳು ಬಾಗಿಲಿನಿಂದಲೇ ಕಳಿಸಿದಳು. ಮಧ್ಯಾಹ್ನ ಅವಳು ಇಂದಿಗೂ ಕಟ್ಟೆಯ ಮೇಲೆ ಕೂತು ಎಡಗೈಯಿಂದ ನೂಲಿಗೆ ಗಂಟು ಹಾಕುವುದನ್ನು ಕಲಿಯುತ್ತಿರುತ್ತಾಳೆ. ನಾನು ಕಿಟಕಿಯಿಂದ ನೋಡುತ್ತೇನೆ. ಗಂಟು ನಿಲ್ಲುವುದಿಲ್ಲ, ಬಿಚ್ಚುತ್ತದೆ. ಬಾಯಿ ಮಾತ್ರ ಮುಚ್ಚಿರುತ್ತದೆ. ಅಷ್ಟು ಮಾತಾಡುತ್ತಿದ್ದವಳು.

ನಿಮ್ಮ ಅವ್ವ ಈಗ ಯಾವ ಪೆಟ್ಟಿಗೆಯಿಂದಲೂ ಒಂದು ಅಸರ್ಟನ್ನೂ ತೆಗೆಯುವುದಿಲ್ಲ. ನಿಲ್ಲುವ ಪೆಟ್ಟಿಗೆ ನಮಗೆ ಬೇಡ ಎಂದು ಕೆಲವರು ಬಿಟ್ಟರು. ನಿಂತರೆ ನಿಲ್ಲಲಿ, ಅದೇ ಅದರ ಕೆಲಸ ಎನ್ನುತ್ತಾಳೆ. ಊರವರು ಅವಳನ್ನು ಕಂಡರೆ ಕೈ ತೆಗೆದ ಪೆಟ್ಟಿಗೆಯಾಕೆ ಎನ್ನುತ್ತಾರೆ. ಇನ್ನೂ ಕೆಲವರು ಮೊಣಕೈಯ ಕಥೆಯನ್ನೇ ಹೇಳುತ್ತಾರೆ. ನಿಮ್ಮ ಅವ್ವ, ಎದುರು ಮನೆಯಾಕೆ ಇಬ್ಬರೂ ನನ್ನ ಪಾಲಿನ ತಪ್ಪನ್ನು ಹೊತ್ತಿದ್ದಾರೆ. ನಾನು ಮುಧೋಳದ ಎಂಟು ಮಂದಿ ಹೆಂಗಸರ ಮುಂದೆ ಒಮ್ಮೆ ಬಾಯಿ ಬಿಟ್ಟದ್ದು ಬನಹಟ್ಟಿಯವರೆಗೆ ಬರಲೇ ಇಲ್ಲ. ಬರಲಿ ಎಂದು ಓಣಿಯಲ್ಲಿ ನಿಂತು ಹೇಳುವ ಧೈರ್ಯ ಈ ವಯಸ್ಸಿನಲ್ಲೂ ನನಗೆ ಬಂದಿಲ್ಲ. ದಿನಾ ಬಾಗಿಲವರೆಗೆ ಹೋಗಿ ತಿರುಗಿ ಬರುತ್ತೇನೆ.

ಅದಕ್ಕೆ ನಿಮ್ಮ ಕೈಗೆ ಕೊಡುತ್ತಿದ್ದೇನೆ. ಯಾರಾದರೂ ನಿಮ್ಮ ಅವ್ವನ ತಪ್ಪು ಎಂದರೆ, ಅಥವಾ ಎದುರು ಮನೆಯ ಆಯಿಯ ತಪ್ಪು ಎಂದರೆ, ಇದನ್ನು ತೋರಿಸಿ. ನನ್ನ ಅಕ್ಷರ ಅವರಿಗೆ ಗೊತ್ತು. ಈ ಹಾಳೆಗಳನ್ನು ನಿಮ್ಮ ಪುಸ್ತಕಗಳ ನಡುವೆ ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮ ಅವ್ವನ ಕೈಗೆ ಮಾತ್ರ ಕೊಡಬೇಡಿ. ಅವಳು ಒಳ್ಳೆಯವಳು, ಹರಿದು ಹಾಕುತ್ತಾಳೆ.